ಇರುಸಿನ ಮೇಲಿನ ಶಾಸನ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟವಾಗಿ ಪ್ರಕಟಿಸಿದರು. ಗಂಗರ ಹಲವು ತಾಮ್ರಪಟಗಳನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದರು. ಬರೆದ ತೇದಿ ಒಂದು, ಲಿಪಿಯ ವಯಸ್ಸು ಇನ್ನೊಂದು ಎಂಬುದು ಅವರ ಆಕ್ಷೇಪ.

ಹಳೆಯ ಮೋಟಾರಿನ ಹಿಂದಿನ ಇರುಸನ್ನು ಕಂಡಾಗಲೂ ನನಗೆ ಈ ಎಚ್ಚರವೇ ನೆನಪಾಗುತ್ತದೆ. ಫೋರ್ಡ್ ಕಾರಿನ ಬಿಡಿಭಾಗಗಳ ಪಟ್ಟಿಯಲ್ಲಿ 4235 ಎಂದರೆ ಹಿಂದಿನ ಚಕ್ರವನ್ನು ತಿರುಗಿಸುವ ಆಕ್ಸಲ್ ಶಾಫ್ಟು. ಆ ಸಂಖ್ಯೆಗೆ ಮುಂಚೆ 01ಎ ಎಂದಿದ್ದರೆ ಮೊದಲ ಸೊನ್ನೆ 1940ನ್ನು ಸೂಚಿಸುತ್ತದೆ. 91ಎ ಎಂದಿದ್ದರೆ 1939. 1950ರ ದಶಕದಲ್ಲಿ ಕ್ರಮ ಬದಲಾಯಿತು: ದಶಕಕ್ಕೊಂದು ಅಕ್ಷರ, ವರ್ಷಕ್ಕೊಂದು ಅಂಕಿ. ಸಿ5 ಎಂದರೆ 1965.

ಆದರೆ ಇದು ಆ ಭಾಗದ ನಕ್ಷೆ ಹುಟ್ಟಿದ ವರ್ಷವೇ ಹೊರತು, ಅದು ಕಾರ್ಖಾನೆಯಿಂದ ಹೊರಟ ವರ್ಷವಲ್ಲ. ಒಂದೇ ನಕ್ಷೆಯ ಭಾಗ ಅನೇಕ ವರ್ಷ ತಯಾರಾಗುತ್ತಿತ್ತು; ಒಂದು ಕಾರಿನದು ಇನ್ನೊಂದಕ್ಕೂ ಹೋಗುತ್ತಿತ್ತು. ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಆ ಸಂಖ್ಯೆಯಿಂದ ಹೇಳಬಹುದು. ಮಿಕ್ಕದ್ದಕ್ಕೆ ಹೌಸಿಂಗ್, ಕ್ರೌನ್ ವೀಲ್, ಪಿನಿಯನ್‌ಗಳ ಗುರುತುಗಳನ್ನೂ ಕೂಡಿಸಿ ಓದಬೇಕು.

ಗುಜರಿಯವನಿಗೆ ಇರುಸು ಬರಿಯ ತೂಕ. ಕಾರನ್ನು ಪ್ರೀತಿಸುವವರೂ ತುಕ್ಕು ಕೆರೆಯುವ ಭರದಲ್ಲಿ ಅಂಕಿಗಳನ್ನು ಉಜ್ಜಿಬಿಟ್ಟರೆ, ಓದುವುದಕ್ಕೆ ಶಾಸನವೇ ಉಳಿಯುವುದಿಲ್ಲ.