ಹಡಗು ಹತ್ತಿದ ಮೊದಲ ಸಂಸಾರ ನಮ್ಮದಲ್ಲ

ನಮ್ಮ ನಾಲ್ಕು ತಾಲ್ಲೂಕಿಗೆ ಸಮುದ್ರ ಇಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಕಡೆ ನಡೆದರೂ ಸಿಗುವುದು ಬಂಡೆ, ಹಿಪ್ಪುನೇರಳೆ ತೋಟ, ರಾಗಿ ಹೊಲ, ತೆಂಗು. ನೀರು ಅಂದರೆ ನಮಗೆ ಕಣ್ವ, ಮಂಚನಬೆಲೆ, ಇಗ್ಗಲೂರು. ನೀರ ಮೇಲಿನ ಸವಾರಿ ಅಂದರೆ ಸಂಗಮದಲ್ಲಿ ಮೇಕೆದಾಟು ನೋಡಲು ಹೋಗುವಾಗ ಹತ್ತುವ ಹರಿಗೋಲು. ಅದರಲ್ಲಿ ಎಂಟು ಹತ್ತು ಜನ ಕೂತರೆ ಅಂಬಿಗ ಇನ್ನೊಬ್ಬರನ್ನು ಬೇಡ ಅನ್ನುತ್ತಾನೆ.

ಹೀಗಿದ್ದಾಗ ನಮ್ಮ ಮನೆಯವರು ಆರು ಜನ ದೊಡ್ಡ ಹಡಗು ಹತ್ತಿ ಬಂದೆವು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಕ್ಕ, ಭಾವ ಟಿಕೆಟ್ ಮಾಡಿಸಿದ್ದರು. ಮುಂಬೈಯಿಂದ ಗೋವಾ, ಅಲ್ಲಿಂದ ವಾಪಸ್ ಮುಂಬೈ. ಅಜ್ಜಿ ಮೊದಲು ಒಪ್ಪಲಿಲ್ಲ. "ಸಮುದ್ರ ದಾಟ್ದೋರ್ನ ಒಳಕ್ಕೆ ಸೇರುಸ್ಕೊತಿರ್ಲಿಲ್ಲ ಕಣ್ರಪ್ಪ, ಈ ವಯಸ್ಸಲ್ಲಿ ನನ್ನೂ ಎಳ್ಕೊಂಡೋಯ್ತೀರಲ್ಲ" ಅಂದರು. ಗೋವಾಕ್ಕೆ ಹೋಗುವುದು ದಾಟಿದಂತಲ್ಲ, ದಡದ ಪಕ್ಕದಲ್ಲೇ ಹೋಗಿ ಬರುವುದು ಎಂದು ಭಾವ ಸಮಾಧಾನ ಹೇಳಿದ ಮೇಲೆ ಸೀರೆ ಮಡಿಸಿಟ್ಟುಕೊಂಡರು.

ಹೊರಡುವ ವಾರ ಮೊದಲು ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆವು. ಲಾಟಿನ ಹರಾಜಿಗೆ ಕಾಯುತ್ತಾ ನಿಂತಾಗ, ವರ್ಷಗಳಿಂದ ಗುರುತಿರುವ ಒಬ್ಬ ಹಿರಿಯ ರೀಲರ್ ಸಿಕ್ಕರು. "ನಮ್ಮ ಕಡೆಯಿಂದ ಹಡಗು ಹತ್ತೋ ಮೊದಲ ಸಂಸಾರ ನಮ್ದೇ ಇರಬೇಕು ಸಾಹೇಬ್ರೆ" ಎಂದು ಜಂಬ ಕೊಚ್ಚಿಕೊಂಡೆವು. ಅವರು ನಕ್ಕರು. "ಗೌಡ್ರೆ, ನಿಮ್ದು ಮೂರು ದಿನದ ಹಡಗು. ನಮ್ಮ ತಾಯೀದು ಹದಿನೈದು ದಿನದ್ದು" ಅಂದರು.

ಅವರ ತಂದೆ ತಾಯಿ 1980ರ ದಶಕದಲ್ಲಿ ಮುಂಬೈಯಿಂದ ಹಡಗಿನಲ್ಲಿ ಹಜ್‌ಗೆ ಹೋಗಿದ್ದರಂತೆ. ಅವತ್ತು ಗೂಡು ಮಾರಿ ಮನೆಗೆ ಬಂದವರು ನಾವು ಪುಸ್ತಕ ತೆಗೆದು ಕೂತೆವು. ನಮ್ಮ ಸೀಮೆಯ ಜನ ಹಡಗು ಹತ್ತಿದ ಕತೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಹಳೆಯದು.

ಸಮುದ್ರ ದಾಟಿದರೆ ಜಾತಿ ಹೋಗುವ ಕಾಲ

ಅಜ್ಜಿಯ ಮಾತು ಸುಳ್ಳಲ್ಲ. ಬೌಧಾಯನ ಧರ್ಮಸೂತ್ರದಲ್ಲಿ ಮನುಷ್ಯನನ್ನು ಪತಿತನನ್ನಾಗಿಸುವ ಕೆಲಸಗಳ ಪಟ್ಟಿ ಇದೆ. ಸಮುದ್ರಯಾನವೂ ಆ ಪಟ್ಟಿಯಲ್ಲಿದೆ. "ದೇಶ ಸುತ್ತಬೇಕು, ಕೋಶ ಓದಬೇಕು" ಎಂಬ ಗಾದೆಯನ್ನು ಮೆಚ್ಚುವ ನಾಡಿನಲ್ಲೇ ಸಮುದ್ರದ ಅಂಚಿಗೆ ಬೇಲಿ ಹಾಕಿದ್ದರು.

ಗಾಂಧೀಜಿ ಬ್ಯಾರಿಸ್ಟರ್ ಓದಲು 1888ರ ಸೆಪ್ಟೆಂಬರ್ 4ರಂದು ಮುಂಬೈಯಿಂದ ಹಡಗು ಹತ್ತಿದರು. ಅದಕ್ಕೆ ಮೊದಲು ಅವರ ಜಾತಿಯ ಹಿರಿಯರು ಪಂಚಾಯಿತಿ ಸೇರಿಸಿ ಬಹಿಷ್ಕಾರ ಹಾಕಿದ್ದರು. ಅವರಿಗೆ ನೆರವಾದವರಿಗೂ, ಬಂದರಿಗೆ ಹೋಗಿ ಕಳಿಸಿಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿದ್ದರು. ಮೂರು ವರ್ಷ ಬಿಟ್ಟು ವಾಪಸ್ ಬಂದಾಗ ಅವರಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಸ್ನಾನ ಮಾಡಿಸಿದರು, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು.

ದೊಡ್ಡವರಿಗೆ ಅಡ್ಡದಾರಿ ಇತ್ತು. 1902ರಲ್ಲಿ ಇಂಗ್ಲೆಂಡಿನ ರಾಜನ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಎರಡನೇ ಮಾಧೋ ಸಿಂಗ್, ಹೊರಗಿನ ನೀರು ಕುಡಿಯಬಾರದೆಂದು ದೈತ್ಯ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹಡಗು ಹತ್ತಿದರು. ಒಂದೊಂದು ಹಂಡೆಯ ಬೆಳ್ಳಿಯೇ ಸುಮಾರು 345 ಕೆ.ಜಿ. ತೂಕ. ಜೈಪುರದ ಅರಮನೆಯಲ್ಲಿ ಅವನ್ನು ಈಗಲೂ ನೋಡಬಹುದು.

ಈ ಕಟ್ಟಳೆ ಎಲ್ಲರನ್ನೂ ಒಂದೇ ಸಮ ಕಟ್ಟಿಹಾಕಿರಲಿಲ್ಲ. ಕರಾವಳಿಯ ಮೊಗವೀರರಿಗೆ ಸಮುದ್ರವೇ ಹೊಲ. ಭಟ್ಕಳದ ನವಾಯತರಿಗೆ ಅದೇ ವ್ಯಾಪಾರದ ದಾರಿ. ಜಾತಿಯ ಮೇಲ್ಮೆ ಕಳೆದುಕೊಳ್ಳುವ ಭಯ ಇದ್ದವರಿಗೆ ಬೇಲಿ ಬಿಗಿಯಾಗಿತ್ತು. ಸಮುದ್ರವನ್ನೇ ನೋಡದ ನಮ್ಮಂಥ ಒಳನಾಡಿನ ಒಕ್ಕಲು ಮನೆಗಳಿಗೆ ಅದರ ಮಾತಷ್ಟೇ ಬಂದು ಸೇರಿತು.

ಹಡಗಿನಲ್ಲಿ ಹೋದವರು, ಹಡಗಿನಲ್ಲಿ ಬಂದದ್ದು

ಮೊದಲ ಮಹಾಯುದ್ಧ ಶುರುವಾದ 1914ರಲ್ಲೇ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಹಡಗಿನಲ್ಲಿ ಈಜಿಪ್ಟಿಗೆ ಹೋಯಿತು. ಸವಾರರ ಜೊತೆ ಕುದುರೆಗಳೂ ಹಡಗಿನಲ್ಲೇ ಹೋದವು. ಸೂಯೆಜ್ ಕಾಲುವೆ ಕಾದ ಈ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ಕಾಳಗದಲ್ಲಿ ಜೋಧಪುರದ ಪಡೆಯ ಜೊತೆ ಕಾದಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ.

ನಮ್ಮ ಗೂಡಿನ ಕತೆಯಲ್ಲೂ ಹಡಗು ಇದೆ. 1893ರಲ್ಲಿ ಜಪಾನಿನ ಯೊಕೊಹಾಮಾದಿಂದ ಕೆನಡಾಕ್ಕೆ ಹೊರಟ 'ಎಂಪ್ರೆಸ್ ಆಫ್ ಇಂಡಿಯಾ' ಎಂಬ ಹಡಗಿನಲ್ಲಿ ಸ್ವಾಮಿ ವಿವೇಕಾನಂದರು ಇದ್ದರು, ಜೆಮ್‌ಶೆಟ್‌ಜಿ ಟಾಟಾ ಕೂಡ ಇದ್ದರು. ಇದೇ ಟಾಟಾ ಮುಂದೆ ಜಪಾನಿನಿಂದ ರೇಷ್ಮೆ ಬಲ್ಲ ದಂಪತಿಯನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಈಗಲೂ ಕೂಗುವ 'ಟಾಟಾ ಸಿಲ್ಕ್ ಫಾರ್ಮ್' ಎಂಬ ಹೆಸರು ಅಲ್ಲಿಂದ ಬಂದದ್ದು. ನಮ್ಮ ಜನ ಹಡಗಿಗೆ ಹೋಗುವ ಮೊದಲೇ ಹಡಗಿನಿಂದ ಇಳಿದ ವಿದ್ಯೆ ನಮ್ಮ ಕಡೆಗೆ ಬಂದಿತ್ತು.

ಆದರೆ ಸೈನಿಕರು, ವ್ಯಾಪಾರಿಗಳು, ಓದಲು ಹೋದವರು ಒಂಟಿಯಾಗಿ ಹೋದವರು. ಗಂಡ, ಹೆಂಡತಿ, ಅತ್ತೆ, ನಾದಿನಿ ಎಂದು ಸಂಸಾರ ಸಮೇತ ಹಡಗು ಹತ್ತಿದವರು ಬೇರೆಯವರು.

ಹಜ್ ಹಡಗುಗಳು

ಅವರು ಹಜ್ ಯಾತ್ರಿಕರು. ಚನ್ನಪಟ್ಟಣ, ರಾಮನಗರದ ಮೊಹಲ್ಲಾಗಳಲ್ಲಿ ರೇಷ್ಮೆ ನೂಲು ತೆಗೆದು, ಬೊಂಬೆ ಕಡೆದು ಬದುಕಿದ ಸಂಸಾರಗಳಿಗೆ ಹಡಗು ಅಂದರೆ ಮೋಜಲ್ಲ, ಜೀವಮಾನದ ಉಳಿತಾಯ. ರೈಲಿನಲ್ಲಿ ಮುಂಬೈಗೆ ಹೋಗಬೇಕು. ಅಲ್ಲಿ ಯಾತ್ರಿಕರಿಗೆಂದೇ ಇರುವ ಮುಸಾಫಿರ್‌ಖಾನೆಯಲ್ಲಿ ಉಳಿದು, ಹಡಗಿನ ದಿನಕ್ಕೆ ಕಾಯಬೇಕು.

ಈ ದಾರಿಯಲ್ಲಿ ದೊಡ್ಡ ಹೆಸರು ಮೊಗಲ್ ಲೈನ್. 1877ರಲ್ಲಿ ಬಾಂಬೆ ಅಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಎಂಬ ಹೆಸರಿನಲ್ಲಿ ಶುರುವಾದ ಇದು ಮುಂದೆ ಸರ್ಕಾರದ ಕೈಗೆ ಬಂದು, 1986ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್‌ನಲ್ಲಿ ಸೇರಿಹೋಯಿತು. ಪ್ರಪಂಚದ ಮೊದಲ ಪ್ರವಾಸ ಕಂಪನಿಗಳಲ್ಲಿ ಒಂದಾದ ಥಾಮಸ್ ಕುಕ್‌ಗೂ ಬ್ರಿಟಿಷ್ ಸರ್ಕಾರ 1886ರಲ್ಲಿ ಹಜ್ ಯಾತ್ರಿಕರನ್ನು ಸಾಗಿಸುವ ಹೊಣೆ ಕೊಟ್ಟಿತ್ತು. ಕೆಲವು ವರ್ಷಕ್ಕೇ ಆ ಕಂಪನಿ ಅದರಿಂದ ಹಿಂದೆ ಸರಿಯಿತು.

ಆ ಕಾಲದ ಹಡಗಿನಲ್ಲಿ ಬಡ ಯಾತ್ರಿಕರ ಜಾಗ ಡೆಕ್. ಹಾಸಿಗೆ ಸುರುಳಿ ಬಿಚ್ಚಿದಷ್ಟೇ ಜಾಗ, ತಗಡಿನ ಪೆಟ್ಟಿಗೆಯೇ ಗೋಡೆ. ಅಕ್ಕಿ, ಬೇಳೆ, ಉಪ್ಪಿನಕಾಯಿ ಜೊತೆಗೇ ಹೊರಬೇಕು. 1865ರಲ್ಲಿ ಮೆಕ್ಕಾದಲ್ಲಿ ಕಾಲರಾ ಹಬ್ಬಿ ಈಜಿಪ್ಟ್, ಯುರೋಪಿನವರೆಗೂ ಹೋದ ಮೇಲೆ ಯಾತ್ರಿಕರ ಮೇಲೆ ಕಣ್ಗಾವಲು ಬಿಗಿಯಾಯಿತು. 1882ರಿಂದ ಕೆಂಪು ಸಮುದ್ರದ ಕಾಮರಾನ್ ದ್ವೀಪದಲ್ಲಿ ಹಡಗು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ದಿನಗಟ್ಟಲೆ ಬೇರೆ ಇಡುತ್ತಿದ್ದರು. ಕೊರೊನಾ ಕಾಲದಲ್ಲಿ ನಾವು ಕಲಿತ 'ಕ್ವಾರಂಟೈನ್' ಎಂಬ ಮಾತು ಅವರಿಗೆ ಆಗಲೇ ಗೊತ್ತಿತ್ತು. ದಾರಿಯಲ್ಲಿ ತೀರಿಕೊಂಡವರನ್ನು ನಮಾಜು ಮಾಡಿ ಸಮುದ್ರಕ್ಕೇ ಒಪ್ಪಿಸುತ್ತಿದ್ದರು. ಅದಕ್ಕೇ ಹೊರಡುವ ಮೊದಲು ಸಾಲ ತೀರಿಸಿ, ನೆಂಟರು ನೆರೆಹೊರೆಯವರ ಹತ್ತಿರ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿ ಹೋಗುವ ಪದ್ಧತಿ.

ಸ್ವಾತಂತ್ರ್ಯ ಬಂದ ಮೇಲೆ ಹಡಗುಗಳು ಸುಧಾರಿಸಿದವು. ದೂರ ಮಾತ್ರ ಅಷ್ಟೇ ಇತ್ತು. ಮುಂಬೈಯಿಂದ ಜೆದ್ದಾಕ್ಕೆ ಸುಮಾರು 2,300 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 4,200 ಕಿಲೋಮೀಟರಿಗೂ ಹೆಚ್ಚು. ಹಳೆಯ ಹಡಗುಗಳಿಗೆ 12ರಿಂದ 15 ದಿನ ಹಿಡಿಯುತ್ತಿತ್ತು. ಸಾಹೇಬರು ಹೇಳಿದ ಹದಿನೈದು ದಿನ ಅದೇ. 1995ರಲ್ಲಿ ಮುಂಬೈನ ಯೆಲ್ಲೋ ಗೇಟ್‌ನಿಂದ 'ಅಕ್ಬರಿ' ಹಡಗು ಹೊರಟದ್ದೇ ಕೊನೆ. ಆಮೇಲೆ ಎಲ್ಲರೂ ವಿಮಾನದಲ್ಲೇ.

ಮೋಜಿನ ಹಡಗು ಹುಟ್ಟಿದ್ದು

ವಿಮಾನ ಬಂದು ಹಡಗಿನ ಅಗತ್ಯವನ್ನು ತೆಗೆದುಹಾಕಿದ್ದು ಪ್ರಪಂಚದ ಎಲ್ಲ ಕಡೆಯ ಕತೆ. ಹಡಗು ಕಂಪನಿಗಳು ಹೊಸ ಗಿರಾಕಿ ಹುಡುಕಬೇಕಾಯಿತು.

ದಾರಿ ತೋರಿಸಿದವರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ಮುಖ್ಯ. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಮುದ್ರದ ಅಲೆಗೆ ಹೆದರಿ ಅಮೆರಿಕಕ್ಕೆ ಹೋಗುವವರು ಕಡಿಮೆ, ಹಡಗು ಸುಮ್ಮನೆ ನಿಂತಿರುತ್ತದೆ, ಖರ್ಚು ನಿಲ್ಲುವುದಿಲ್ಲ. ಅದಕ್ಕೆ ಅವರು 1891ರ ಜನವರಿಯಲ್ಲಿ 'ಆಗಸ್ಟಾ ವಿಕ್ಟೋರಿಯಾ' ಹಡಗಿನಲ್ಲಿ 241 ಜನರನ್ನು ಕರೆದುಕೊಂಡು ಬೆಚ್ಚಗಿನ ಮೆಡಿಟರೇನಿಯನ್ ಕಡೆ ಸುತ್ತಿಸಿಕೊಂಡು ಬಂದರು. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಇಂಥ ವಿಹಾರವೇ ದೊಡ್ಡ ವ್ಯಾಪಾರವಾಯಿತು. ಮೊದಲು ಊರು ಸೇರಲು ಹಡಗು ಹತ್ತುತ್ತಿದ್ದರು. ಈಗ ಹಡಗನ್ನು ನೋಡಲೆಂದೇ ಹತ್ತುತ್ತಾರೆ.

ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಇದು ಹತ್ತಿರವಾದದ್ದು ಇತ್ತೀಚೆಗೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಮುಂಬೈಯಿಂದ ಹೊರಡಲು ಶುರುವಾಯಿತು. ರೈಲ್ವೆಯ ಐಆರ್‌ಸಿಟಿಸಿಯಲ್ಲೇ ಟಿಕೆಟ್ ಸಿಗುತ್ತಿತ್ತು. 2022ರ ಜೂನ್‌ನಿಂದ ಚೆನ್ನೈನಿಂದಲೂ ಹೊರಟಿತು. ಇದು 1990ರಲ್ಲಿ ಕಟ್ಟಿದ ಹಡಗು, ಬೇರೆ ದೇಶಗಳಲ್ಲಿ ದುಡಿದು ನಮ್ಮಲ್ಲಿಗೆ ಬಂದದ್ದು. ಉದ್ದ ಸುಮಾರು 211 ಮೀಟರ್, ಮೈಸೂರು ರೈಲಿನ ಒಂಬತ್ತು ಬೋಗಿ ಸಾಲಾಗಿ ನಿಂತಷ್ಟು.

ನಾವು ಕಂಡದ್ದು

ನಾವು ಹತ್ತಿದ್ದು ಮುಂಬೈನ ಬ್ಯಾಲಾರ್ಡ್ ಪಿಯರ್ ಹತ್ತಿರ. ಹಜ್ ಹಡಗು ಹೊರಡುತ್ತಿದ್ದ ಯೆಲ್ಲೋ ಗೇಟ್ ಅದೇ ಬಂದರಿನ ಸಾಲಿನಲ್ಲಿದೆ. ಹಡಗಿನ ಬದಿಯಲ್ಲಿ ನಿಂತು ತಲೆ ಎತ್ತಿದ ಅಜ್ಜಿ, "ಇದು ಹೆಂಗ್ ತೇಲ್ತದಪ್ಪ" ಎಂದು ನಮ್ಮ ಕೈ ಹಿಡಿದುಕೊಂಡರು.

ಹತ್ತಿದ ಕೂಡಲೇ ಊಟವಲ್ಲ, ಕವಾಯತು. ಸೈರನ್ ಕೂಗುತ್ತದೆ, ಲೈಫ್ ಜಾಕೆಟ್ ಹಾಕುವುದು ತೋರಿಸುತ್ತಾರೆ, ಅಪಾಯ ಬಂದರೆ ಎಲ್ಲಿ ಸೇರಬೇಕು ಎಂದು ಹೇಳುತ್ತಾರೆ. ಕೆಲವರು ಗೊಣಗಿದರು. ಆದರೆ ಈ ನಿಯಮದ ಹಿಂದೆ ದೊಡ್ಡ ಸಾವಿದೆ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಸುಮಾರು 2,200 ಜನ ಇದ್ದರು, ಜೀವರಕ್ಷಕ ದೋಣಿಗಳಲ್ಲಿ ಇದ್ದ ಜಾಗ 1,178 ಜನಕ್ಕೆ. ಮೊದಲ ದರ್ಜೆಯವರಲ್ಲಿ ಹತ್ತಕ್ಕೆ ಆರು ಜನ ಉಳಿದರು. ಮೂರನೇ ದರ್ಜೆಯವರಲ್ಲಿ ನಾಲ್ವರಲ್ಲಿ ಒಬ್ಬರು. ಅದಾದ ಮೇಲೆ 1914ರಲ್ಲಿ ದೇಶಗಳು ಲಂಡನ್ನಿನಲ್ಲಿ ಸೇರಿ, ಹಡಗಿನಲ್ಲಿರುವ ಎಲ್ಲರಿಗೂ ದೋಣಿಯಲ್ಲಿ ಜಾಗ ಇರಲೇಬೇಕು ಎಂದು ಒಪ್ಪಂದ ಮಾಡಿಕೊಂಡವು.

ದರ್ಜೆ ಇವತ್ತೂ ಇದೆ. ಬಾಲ್ಕನಿ ಇರುವ ಕೋಣೆಗೆ ಒಂದು ದರ, ಕಿಟಕಿ ಇರುವುದಕ್ಕೆ ಒಂದು, ಒಳಗಿನ ಕಿಟಕಿಯಿಲ್ಲದ ಕೋಣೆಗೆ ಒಂದು. ನಮ್ಮದು ಕಿಟಕಿಯಿಲ್ಲದ್ದು. ಬಾಗಿಲು ಹಾಕಿ ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಅವ್ವನಿಗೆ ಮೊದಲ ರಾತ್ರಿ ತಲೆ ಸುತ್ತು, ವಾಂತಿ. ದೂರದಲ್ಲಿ ಆಕಾಶ ನೀರು ಕೂಡುವ ಗೆರೆ ನೋಡುತ್ತಾ ಕೂತರೆ ಕಡಿಮೆಯಾಗುತ್ತದೆ ಎಂದು ಹಡಗಿನವರು ಹೇಳಿದರು. ಹಾಗೇ ಆಯಿತು. ಅಕ್ಕನ ಮಗಳು ಈಜುಕೊಳ ಬಿಟ್ಟು ಬರಲೇ ಇಲ್ಲ.

ಎರಡನೇ ಸಂಜೆ ಎಲ್ಲರೂ ಮೇಲಿನ ಡೆಕ್ಕಿನಲ್ಲಿದ್ದೆವು. ಸೂರ್ಯ ಮುಳುಗುತ್ತಿತ್ತು. "ಅತ್ತಗೆ ಹೋಯ್ತಾ ಇದ್ರೆ ಏನ್ ಸಿಗ್ತದೆ?" ಎಂದು ಅಜ್ಜಿ ಕೇಳಿದರು. ಅರಬ್ ದೇಶ, ಮೆಕ್ಕಾ ಎಲ್ಲಾ ಆ ಕಡೆಯೇ ಎಂದೆವು. ಸಾಹೇಬರ ತಾಯಿಯ ಕತೆ ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನೈದು ದಿನ ನೆಲದ ಮೇಲೆ ಮಲಗಿ ಹೋದ್ಲಾ ಪುಣ್ಯಾತ್ಗಿತ್ತಿ" ಅಂದರು. ಆಮೇಲೆ ಅವರ ಬಾಯಲ್ಲಿ ಒಳಕ್ಕೆ ಸೇರಿಸಿಕೊಳ್ಳುವ ಮಾತು ಬರಲಿಲ್ಲ.

ಉಳಿದದ್ದು ಒಂದು ಪೆಟ್ಟಿಗೆ

ವಾಪಸ್ ಬಂದ ಮೇಲೆ ಗೋವಾದ ಗೋಡಂಬಿ ಹಿಡಿದುಕೊಂಡು ಸಾಹೇಬರ ಮನೆಗೆ ಹೋದೆವು. ಅವರು ಅಟ್ಟದಿಂದ ತಾಯಿಯ ತಗಡಿನ ಪೆಟ್ಟಿಗೆ ಇಳಿಸಿ ತೋರಿಸಿದರು. ಈಗ ಅದರಲ್ಲಿ ಹಳೆಯ ಕಂಬಳಿಗಳಿವೆ. ಆಗ ಯಾತ್ರಿಕರಿಗೆ ಪಾಸ್‌ಪೋರ್ಟ್ ಬದಲು ಕೊಡುತ್ತಿದ್ದ ಪಿಲ್ಗ್ರಿಮ್ ಪಾಸ್ ಇದೆಯೇ ಎಂದು ಕೇಳಿದೆವು. ಮನೆಗೆ ಸುಣ್ಣ ಹೊಡೆಸುವಾಗ ಹಳೆಯ ಕಾಗದವೆಲ್ಲ ಹೋಯಿತು ಎಂದರು. ಅದರಲ್ಲಿ ಅವರ ತಾಯಿಯ ಫೋಟೋ ಇತ್ತಂತೆ. ಅವರ ಬೇರೆ ಫೋಟೋ ಮನೆಯಲ್ಲಿ ಇಲ್ಲ.

ನಮ್ಮ ಮೂರು ದಿನದ ಹಡಗಿಗೆ ಫೋನಿನಲ್ಲಿ ನಾಲ್ಕು ನೂರು ಫೋಟೋ ಇವೆ. ಅವರ ಹದಿನೈದು ದಿನಕ್ಕೆ ಒಂದು ಖಾಲಿ ಪೆಟ್ಟಿಗೆ. ಊರಿನ ಚರಿತ್ರೆ ಬರೆಯುವಾಗ ಕೆಂಪೇಗೌಡರ ಕೋಟೆ ಬರುತ್ತದೆ, ಶೋಲೆ ಚಿತ್ರದ ಬಂಡೆ ಬರುತ್ತದೆ. ಸಮುದ್ರವನ್ನೇ ಕಾಣದ ಊರಿನಿಂದ ಪೆಟ್ಟಿಗೆ ಹೊತ್ತು ಹೋಗಿ ಬಂದ ಹೆಂಗಸಿನ ಹೆಸರು ಬರುವುದಿಲ್ಲ.

ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಹಡಗು ಹತ್ತಿದವರು ಇರಬಹುದು. ಹಜ್‌ಗೆ ಹೋದವರು, ಯುದ್ಧಕ್ಕೆ ಹೋದವರ ಮೊಮ್ಮಕ್ಕಳು, ಹಡಗಿನಲ್ಲೇ ಕೆಲಸ ಮಾಡಿದವರು. ಸುಣ್ಣ ಹೊಡೆಸುವ ಮೊದಲು ಅವರ ಅಟ್ಟ ನೋಡಿ. ಕಾಗದ ಸಿಕ್ಕರೆ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಕಾಗದ ಇಲ್ಲದಿದ್ದರೆ ಹತ್ತಿರ ಕೂತು ಕೇಳಿ, ಅವರ ಮಾತನ್ನೇ ರೆಕಾರ್ಡ್ ಮಾಡಿ ನಮಗೆ ಕಳಿಸಿ. ನಾವು ಬರೆಯುತ್ತೇವೆ.