ಬಟ್ಟೆಯ ಕೆಳಗಿನ ಕೈ: ವಿಜಯಪುರ ಸೀಮೆಯ ದಲಾಲನ ಚರಿತ್ರೆ



ಚರಿತ್ರೆ ಎಂದೊಡನೆ ನಮಗೆ ನೆನಪಾಗುವವರು ಅರಸರು, ಮಂತ್ರಿಗಳು, ಸೇನಾಪತಿಗಳು. ವಿಜಯಪುರದ ಹೆಸರು ಹೇಳಿದರೆ ಗೋಲಗುಮ್ಮಟ, ಇಬ್ರಾಹಿಂ ರೋಜಾಗಳು ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಈ ನಗರದ ಪೇಟೆಗಳಲ್ಲಿ, ಅದರ ಸುತ್ತಲಿನ ಹಳ್ಳಿಗಳಲ್ಲಿ ನೂರಾರು ವರ್ಷಗಳಿಂದ ಓಡಾಡಿಕೊಂಡಿರುವ ಇನ್ನೊಬ್ಬ ವ್ಯಕ್ತಿ ಇದ್ದಾನೆ. ಅವನಿಗೆ ಶಾಸನವಿಲ್ಲ, ಗೋರಿಯ ಮೇಲೆ ಬರಹವಿಲ್ಲ. ಅವನೇ ದಲಾಲ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ವ್ಯವಹಾರ ಕುದುರಿಸುವವನು. ಇಂದು ನಗರದ ಹೊಸ ಬಡಾವಣೆಗಳ ಪ್ಲಾಟುಗಳನ್ನೂ ತಿಕೋಟಾ, ಬಬಲೇಶ್ವರದ ಹೊಲಗಳನ್ನೂ ಕೊಡಿಸುವ ಏಜೆಂಟನು ಇದೇ ವಂಶದ ಕುಡಿ.

ಈ ವೃತ್ತಿಯವರಿಗೆ ಹಿರಿಯರು ಹೇಳುವ ಮೊದಲ ಪಾಠ ಒಂದೇ: ಮಾತುಕತೆ ನಡೆಯುವಾಗ ಮನಸ್ಸನ್ನು ದೂರ ಇಡು, ಮಾರುವವನ ಕಣ್ಣೀರಿಗೆ ಕರಗಬೇಡ, ಕೊಳ್ಳುವವನ ಸಿಟ್ಟಿಗೆ ಸಿಟ್ಟಾಗಬೇಡ. ಕೇಳಲು ಇದು ಕಲ್ಲೆದೆಯ ಮಾತಿನಂತೆ ಕಾಣುತ್ತದೆ. ಈ ನಿರ್ಲಿಪ್ತತೆ ಎಲ್ಲಿಂದ ಬಂತು, ಅದರಿಂದ ಯಾರಿಗೆ ಲಾಭ, ಅದು ಯಾವಾಗ ಮೋಸವಾಗುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಹೆಸರಿನ ಮೂಲ

ದಲಾಲ ಎಂಬುದು ಅರಬ್ಬೀ ಭಾಷೆಯಿಂದ ಬಂದ ಶಬ್ದ. ದಾರಿ ತೋರಿಸುವವನು ಎಂಬುದು ಅದರ ಮೂಲ ಅರ್ಥ. ಹೊರನಾಡಿನಿಂದ ಬಂದ ವ್ಯಾಪಾರಿಗೆ ಇಲ್ಲಿಯ ಭಾಷೆ ತಿಳಿಯದು, ನಾಣ್ಯ ತಿಳಿಯದು, ಯಾರನ್ನು ನಂಬಬೇಕೆಂಬುದೂ ತಿಳಿಯದು. ಅವನಿಗೆ ಪೇಟೆಯ ದಾರಿ ತೋರಿಸುವವನು ದಲಾಲ. 1490ರಿಂದ 1686ರವರೆಗೆ ಆದಿಲ್‌ಶಾಹಿ ರಾಜಧಾನಿಯಾಗಿದ್ದ ಬಿಜಾಪುರಕ್ಕೆ ಪಾರಸಿಕರು, ಅರಬರು, ಯುರೋಪಿನವರು ಬಂದುಹೋಗುತ್ತಿದ್ದರು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಸಿದುಕೊಂಡದ್ದು ಇದೇ ಆದಿಲ್‌ಶಾಹಿಗಳಿಂದ. ಇಷ್ಟು ಭಾಷೆಗಳು ಬೆರೆತ ಪೇಟೆಯಲ್ಲಿ ನಡುವೆ ನಿಲ್ಲುವವನಿಲ್ಲದೆ ವ್ಯಾಪಾರ ಸಾಗುವಂತಿರಲಿಲ್ಲ.

ಮಾತಿಲ್ಲದ ವ್ಯಾಪಾರ

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ರತ್ನವ್ಯಾಪಾರಿ ಟಾವರ್ನಿಯೆ ಈ ಸೀಮೆಗಳಲ್ಲಿ ಸಂಚರಿಸಿದನು. ಅವನ ಪ್ರವಾಸ ಗ್ರಂಥ 1676ರಲ್ಲಿ ಪ್ರಕಟವಾಯಿತು. ಬಿಜಾಪುರದಿಂದ ಎಂಟೊಂಬತ್ತು ದಿನಗಳ ಹಾದಿಯಲ್ಲಿದ್ದ ರಾವಲಕೊಂಡ ಎಂಬ ವಜ್ರದ ಗಣಿಯಲ್ಲಿ ತಾನು ಕಂಡ ವ್ಯಾಪಾರದ ರೀತಿಯನ್ನು ಅವನು ಅದರಲ್ಲಿ ವಿವರಿಸಿದ್ದಾನೆ. ಮಾರುವವನೂ ಕೊಳ್ಳುವವನೂ ಎದುರುಬದುರು ಕುಳಿತುಕೊಳ್ಳುತ್ತಾರೆ. ನಡುಪಟ್ಟಿಯ ಬಟ್ಟೆಯನ್ನು ಕೈಗಳ ಮೇಲೆ ಹೊದಿಸುತ್ತಾರೆ. ಆಮೇಲೆ ಬಾಯಿ ಮಾತಾಡುವುದಿಲ್ಲ, ಕಣ್ಣೂ ಮಾತಾಡುವುದಿಲ್ಲ. ಕೈ ಮಾತ್ರ ಮಾತಾಡುತ್ತದೆ. ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳು ಹಿಡಿದರೆ ನೂರು, ಬೆರಳಿನ ನಡುಗೆಣ್ಣಿನವರೆಗೆ ಹಿಡಿದರೆ ಐವತ್ತು, ತುದಿ ಮುಟ್ಟಿದರೆ ಹತ್ತು. ಸುತ್ತ ಹತ್ತಾರು ಜನ ಕುಳಿತಿದ್ದರೂ ಎಷ್ಟಕ್ಕೆ ವ್ಯಾಪಾರವಾಯಿತೆಂಬುದು ಅವರಿಗೆ ಗೊತ್ತಾಗುವುದಿಲ್ಲ.

ನಿಮ್ಮ ವಯಸ್ಸಿನವರ ವಿಷಯವೂ ಅದೇ ಗ್ರಂಥದಲ್ಲಿದೆ. ಹತ್ತರಿಂದ ಹದಿನಾರು ವರ್ಷದ ಹುಡುಗರು ಬೆಳಿಗ್ಗೆ ಊರ ನಡುವಿನ ದೊಡ್ಡ ಮರದ ಕೆಳಗೆ ಬಂದು ಕೂಡುತ್ತಿದ್ದರು. ಸೊಂಟದಲ್ಲಿ ತೂಕದ ಚೀಲ, ಇನ್ನೊಂದು ಕಡೆ ಹಣದ ಚೀಲ. ಯಾರಾದರೂ ವಜ್ರ ತಂದರೆ ಅದು ಕೈಯಿಂದ ಕೈಗೆ ಹೋಗುತ್ತಿತ್ತು. ಅದು ತಿರುಗಿ ಮೊದಲಿನವನ ಕೈಗೆ ಬರುವವರೆಗೆ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಒಬ್ಬನ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಇನ್ನೊಬ್ಬನ ಕಣ್ಣನ್ನು ಕೆಡಿಸಬಾರದೆಂಬ ಶಿಸ್ತು ಇದರಲ್ಲಿ ಕಾಣುತ್ತದೆ. ಮೋರೆಯ ಮೇಲೆ ಏನನ್ನೂ ತೋರಗೊಡದಿರುವುದನ್ನು ಎಳೆಯ ವಯಸ್ಸಿನಲ್ಲಿಯೇ ಕಲಿಸುತ್ತಿದ್ದರು.

ಈ ಪದ್ಧತಿ ವಜ್ರದ ಗಣಿಯೊಂದಿಗೆ ಮುಗಿದುಹೋಗಲಿಲ್ಲ. ಸಂಕ್ರಾಂತಿಯ ಸಮಯದಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಖಿಲಾರಿ ಎತ್ತುಗಳು ಬರುತ್ತವೆ. ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ದಲಾಲರನ್ನು ನಿಮ್ಮ ಹಿರಿಯರು ಕಂಡಿರುತ್ತಾರೆ. ಮನೆಯ ಮಗನಂತೆ ಸಾಕಿದ ಎತ್ತನ್ನು ಮಾರಲು ಬಂದ ರೈತನಿಗೆ ಹತ್ತು ಜನರ ಎದುರು ಕಡಿಮೆ ದರ ಕೂಗಿದರೆ ಅವಮಾನವಾಗುತ್ತದೆ. ಬಟ್ಟೆಯ ಕೆಳಗೆ ಕಡಿಮೆ ಹೇಳಿದರೆ ಅವನು ಸುಮ್ಮನೆ ಕೈ ಬಿಡಿಸಿಕೊಳ್ಳಬಹುದು. ಮಾನವೂ ಉಳಿಯಿತು, ಮಾತೂ ಮುರಿಯಲಿಲ್ಲ.

ಹೊಲಕ್ಕೆ ನಂಬರು ಬಂದದ್ದು

ಎತ್ತು, ವಜ್ರಗಳಂತೆ ಭೂಮಿ ಸುಲಭವಾಗಿ ಕೈ ಬದಲಾಯಿಸುವ ವಸ್ತುವಾಗಿರಲಿಲ್ಲ. ಹಿಂದಿನ ದಖ್ಖನದಲ್ಲಿ ವತನ, ಮಿರಾಸಿ ಹಕ್ಕುಗಳ ವಿಷಯ ಬಂದಾಗ ಊರ ಪ್ರಮುಖರ ಸಭೆ ಕೂಡುತ್ತಿತ್ತು. ತೀರ್ಮಾನವನ್ನು ಬರೆದ ಪತ್ರಕ್ಕೆ ಮಹಜರು ಎಂದು ಹೆಸರು. ಓದು ಬಾರದ ಒಕ್ಕಲಿಗನು ಅದರ ಮೇಲೆ ನೇಗಿಲಿನ ಗುರುತು ಹಾಕುತ್ತಿದ್ದನು. ಅಲ್ಲಿ ನಡುವೆ ನಿಲ್ಲುತ್ತಿದ್ದದ್ದು ಊರಿಗೆ ಊರೇ.

ಬ್ರಿಟಿಷರ ಆಳಿಕೆಯಲ್ಲಿ ಈ ಸ್ಥಿತಿ ಬದಲಾಯಿತು. ಸಾತಾರೆಯ ರಾಜ್ಯ 1848ರಲ್ಲಿ ಕಂಪನಿ ಸರ್ಕಾರಕ್ಕೆ ಸೇರಿದಾಗ ಬಿಜಾಪುರವೂ ಅದರೊಂದಿಗೆ ಹೋಯಿತು. ಮುಂಬಯಿ ಪ್ರಾಂತದ ಸರ್ವೆ ಪದ್ಧತಿಯಲ್ಲಿ ಪ್ರತಿಯೊಂದು ಹೊಲವನ್ನು ಅಳೆದು, ಕಲ್ಲು ನೆಟ್ಟು, ನಂಬರು ಕೊಟ್ಟರು. 1865ರ ಸರ್ವೆ ಕಾಯ್ದೆಯ ಹೊತ್ತಿಗೆ, ಕಂದಾಯ ಕೊಡುವ ಹಿಡುವಳಿದಾರನು ತನ್ನ ನಂಬರನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು ಎಂಬುದು ಗಟ್ಟಿಯಾಯಿತು. ಅಜ್ಜನ ಹೆಸರಿನಿಂದಲೋ ಬೇವಿನ ಮರದ ಗುರುತಿನಿಂದಲೋ ಕರೆಸಿಕೊಳ್ಳುತ್ತಿದ್ದ ಹೊಲ ಈಗ ಎಕರೆ, ಗುಂಟೆಗಳ ಲೆಕ್ಕವಾಯಿತು. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ ತತ್ತರಿಸಿತು. ಬರಗಾಲದಲ್ಲಿ ಮಾರುವವನಿಗೆ ಕಾಯುವ ಶಕ್ತಿ ಇರುವುದಿಲ್ಲ. ಆತುರದಲ್ಲಿದ್ದವನ ಹೊಲಕ್ಕೆ ದರ ಹೇಳುವವನು ಕೊಳ್ಳುವವನೇ.

1884ರಲ್ಲಿ ರೈಲು ಬಂತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಹಾಳುಬಿದ್ದಿದ್ದ ಕೆಲವು ಅರಮನೆಗಳೇ ಸರ್ಕಾರಿ ಕಚೇರಿಗಳಾದವು. ನೌಕರರು, ವಕೀಲರು, ವ್ಯಾಪಾರಿಗಳು ಬಂದು ನೆಲೆಸಿದರು; ಜಾಗಕ್ಕೆ ಬೆಲೆ ಬಂತು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1908ರ ನೋಂದಣಿ ಕಾಯ್ದೆಗಳಿಂದಾಗಿ ಖರೀದಿ ಪತ್ರ, ನೋಂದಣಿ ಕಚೇರಿ, ಸಾಕ್ಷಿಗಳ ಸಹಿ ಎಲ್ಲವೂ ಜನರ ಬಳಕೆಗೆ ಬಂದವು. ಊರ ಸಭೆ ನಿಲ್ಲುತ್ತಿದ್ದ ನಡುವಿನ ಸ್ಥಳ ಖಾಲಿಯಾಯಿತು. ಆ ಸ್ಥಳದಲ್ಲಿ ಭೂಮಿಯ ದಲಾಲ ಬಂದು ನಿಂತನು.

ಮಾತನ್ನು ಸೋಸುವವನು

ಈಗ ಅವನ ಕೆಲಸವನ್ನು ಹತ್ತಿರದಿಂದ ನೋಡೋಣ. ಅಥಣಿ ರಸ್ತೆಯ ತಿಕೋಟಾದ ಕಡೆ ದ್ರಾಕ್ಷಿ ಬೆಳೆಯುತ್ತಾರೆ, ಒಣದ್ರಾಕ್ಷಿ ಮಾಡುತ್ತಾರೆ. ಜಮಖಂಡಿ ರಸ್ತೆಯ ಬಬಲೇಶ್ವರದ ಕಡೆ ಡೋಣಿ ದಂಡೆಯ ಎರಿ ಹೊಲಗಳಿವೆ. 2018ರಲ್ಲಿ ಎರಡೂ ತಾಲೂಕು ಕೇಂದ್ರಗಳಾದವು. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಒಣ ಸೀಮೆಗೆ ಬಂದ ಮೇಲೆ ಹೊಲದ ಬೆಲೆಯೂ ಬದಲಾಯಿತು.

ಈ ಭಾಗದ ಒಬ್ಬ ರೈತ, ಮಗಳ ಮದುವೆಗೋ ಸಾಲ ತೀರಿಸುವುದಕ್ಕೋ ಎರಡು ಎಕರೆ ಮಾರಲು ಹೊರಟಿದ್ದಾನೆ ಎಂದು ಭಾವಿಸಿಕೊಳ್ಳಿ. ಅವನು ಹೇಳುತ್ತಾನೆ: “ನಮ್ಮಪ್ಪ, ನಮ್ಮಜ್ಜ ಚರಗ ಚೆಲ್ಲಿದ ಹೊಲರೀ ಇದು. ಇಷ್ಟಕ್ಕ ಹ್ಯಾಂಗ ಕೊಡ್ಲಿ?” ಎಳ್ಳ ಅಮವಾಸ್ಯೆಯಂದು ಮನೆಮಂದಿಯೆಲ್ಲ ಎಡೆ ಹಿಡಿದುಕೊಂಡು ಹೋಗಿ ಚರಗ ಚೆಲ್ಲಿದ ನೆನಪಿಗೆ ಎಕರೆಗಿಷ್ಟು ಎಂದು ಬೆಲೆ ಕಟ್ಟಲು ಬರುವುದಿಲ್ಲ. ಆದರೆ ಕೊಳ್ಳುವವನು ಆ ನೆನಪನ್ನು ಕೊಳ್ಳಲು ಬಂದವನಲ್ಲ. ಅವನು ಹೇಳುತ್ತಾನೆ: “ಬಾವ್ಯಾಗ ನೀರಿಲ್ಲ, ಹೊಲದ ತುಂಬ ಬರೇ ಕಲ್ಲು. ಇದಕ್ಕ ಇಷ್ಟ ರೊಕ್ಕ ಯಾರ ಕೊಡ್ತಾರ?”

ಇವೆರಡು ಮಾತುಗಳು ನೇರವಾಗಿ ಎದುರಾದರೆ ವ್ಯವಹಾರ ಅಲ್ಲಿಗೇ ಮುರಿಯುತ್ತದೆ. ಒಬ್ಬನಿಗೆ ತನ್ನ ತಂದೆಯನ್ನೇ ಹೀಯಾಳಿಸಿದಂತೆ ಕೇಳಿಸುತ್ತದೆ. ಇನ್ನೊಬ್ಬನಿಗೆ ತನ್ನನ್ನು ಸುಲಿಯಲು ಹೊರಟಂತೆ ಕಾಣುತ್ತದೆ. ಬಲ್ಲ ದಲಾಲನು ಈ ಮಾತುಗಳನ್ನು ಹಾಗೆಯೇ ಹೊತ್ತುಕೊಂಡು ಹೋಗುವುದಿಲ್ಲ. ಅವನು ರೈತನ ಮನೆಗೆ ಬಂದು, “ಕಾಕಾ, ಬಾವಿ ಎಷ್ಟ ಆಳ ಐತಿ, ಬ್ಯಾಸಗಿಯಾಗ ನೀರ ಎಷ್ಟ ಇರತೈತಿ ಅಂತ ಕೇಳ್ಯಾರ” ಎನ್ನುತ್ತಾನೆ. ಕೊಳ್ಳುವವನ ಹತ್ತಿರ ಹೋಗಿ, “ಸಾಹೇಬ್ರ, ಅದು ಹಿರ್ಯಾರಿಂದ ಬಂದ ಹೊಲ. ಅವರಿಗೆ ನಾಕ ದಿನ ಟೈಮ್ ಬೇಕಂತ” ಎನ್ನುತ್ತಾನೆ. ಇದರಲ್ಲಿ ಸುಳ್ಳಿಲ್ಲ. ಅವಮಾನ ಪ್ರಶ್ನೆಯಾಯಿತು, ದುಃಖ ಕಾಲಾವಕಾಶವಾಯಿತು, ಅಷ್ಟೇ.

ಹೀಗೆ ಮಾಡಬೇಕಾದರೆ ಅವನ ಮನಸ್ಸು ಎರಡೂ ಕಡೆಗೆ ವಾಲದಂತಿರಬೇಕು. ಮಾರುವವನ ದುಃಖಕ್ಕೆ ಸೋತರೆ ಅವನು ಕೊಳ್ಳುವವನಿಗೆ ಬಾವಿಯ ನಿಜ ಹೇಳುವುದಿಲ್ಲ. ಕೊಳ್ಳುವವನ ಹಣಕ್ಕೆ ಮಣಿದರೆ ಮಾರುವವನನ್ನು ಆತುರಪಡಿಸುತ್ತಾನೆ. ದರ ಕೂಡದೆ ಮಾತು ನಿಂತಾಗ ತಾನೇ ಸಿಟ್ಟಾದರೆ ಇಬ್ಬರನ್ನೂ ಕಳೆದುಕೊಳ್ಳುತ್ತಾನೆ. ಆದ್ದರಿಂದ ನಿರ್ಲಿಪ್ತತೆ ಎಂದರೆ ಇನ್ನೊಬ್ಬರ ನೋವು ತಿಳಿಯದಿರುವುದಲ್ಲ. ತಿಳಿದೂ ಅದು ಲೆಕ್ಕವನ್ನು ಕೆಡಿಸದಂತೆ ನೋಡಿಕೊಳ್ಳುವುದು. ಗಾಯ ಹೊಲಿಯುವ ವೈದ್ಯನು ಕೈ ನಡುಗಿಸಿದರೆ ನಷ್ಟ ಯಾರಿಗೆ?

ಈ ವ್ಯವಹಾರದಲ್ಲಿ ಮುಂಗಡ ಹಣಕ್ಕೆ ಸಂಚಕಾರ ಎಂಬ ಹಳೆಯ ಹೆಸರಿದೆ. ಕೊಟ್ಟ ಮಾತನ್ನು ನಿಜಮಾಡುವ ಹಣವೆಂದು ಅದರ ಭಾವ. ಆದರೆ ಜೀವಕ್ಕೆ ಸಂಚಕಾರ ಬಂತು ಎಂದೂ ನಾವು ಹೇಳುತ್ತೇವೆ. ಸಂಚಕಾರ ಕೊಟ್ಟ ಮಾತ್ರಕ್ಕೆ ಭೂಮಿ ಕೊಂಡವನದಾಗುವುದಿಲ್ಲ. ಖರೀದಿ ಪತ್ರ ನೋಂದಣಿಯಾಗಬೇಕೆಂದು 1882ರ ಕಾಯ್ದೆ ಹೇಳುತ್ತದೆ. ಭಾವನೆಯ ಭರದಲ್ಲಿ ಸಂಚಕಾರ ಕೊಟ್ಟು ಕೈ ಸುಟ್ಟುಕೊಂಡವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ.

ಮುಚ್ಚಬಾರದ್ದು

ಬಟ್ಟೆಯ ಕೆಳಗಿನ ಕೈಗೆ ಇನ್ನೊಂದು ಮುಖವೂ ಇತ್ತು. ಮಾನ ಕಾಯುವ ಆ ಬಟ್ಟೆಯೇ ಮೋಸವನ್ನೂ ಮುಚ್ಚುತ್ತಿತ್ತು. ಕೊಳ್ಳುವವನು ಹೇಳಿದ ದರ ಒಂದು, ದಲಾಲ ರೈತನಿಗೆ ಮುಟ್ಟಿಸಿದ ದರ ಇನ್ನೊಂದು. ನಡುವಿನ ಹಣ ಅವನ ಜೇಬಿಗೆ. ಕೃಷಿಯನ್ನು ಕುರಿತು ನೇಮಿಸಿದ್ದ ರಾಯಲ್ ಕಮಿಷನ್ 1928ರ ವರದಿಯಲ್ಲಿ ಪೇಟೆಗಳ ಇಂಥ ಕೆಟ್ಟ ರೂಢಿಗಳನ್ನು ಎತ್ತಿ ತೋರಿಸಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. ಮುಂಬಯಿ ಪ್ರಾಂತದಲ್ಲಿ 1939ರಲ್ಲಿ, ನಮ್ಮ ರಾಜ್ಯದಲ್ಲಿ 1966ರಲ್ಲಿ ಕೃಷಿ ಮಾರುಕಟ್ಟೆ ಕಾಯ್ದೆಗಳು ಬಂದವು. ಕಾಳಿಗೆ ಎಲ್ಲರೆದುರು ಹರಾಜಿನ ದರ ಬಂತು. ಹೊಲಕ್ಕೆ ಮಾತ್ರ ಅಂಥ ಬಯಲು ಪೇಟೆ ಬರಲಿಲ್ಲ.

1872ರ ಕರಾರು ಕಾಯ್ದೆಯಲ್ಲಿ ಏಜೆಂಟನ ಕರ್ತವ್ಯವನ್ನು ತಿಳಿಸುವ ಒಂದು ಉದಾಹರಣೆ ಇದೆ. ಒಬ್ಬನು ತನ್ನ ಜಮೀನು ಮಾರಿಕೊಡಲು ಏಜೆಂಟನಿಗೆ ಹೇಳುತ್ತಾನೆ. ಏಜೆಂಟನಿಗೆ ಆ ಜಮೀನಿನಲ್ಲಿ ಗಣಿ ಇರುವುದು ಗೊತ್ತಾಗುತ್ತದೆ. ಅದನ್ನು ಬಚ್ಚಿಟ್ಟು, ಜಮೀನನ್ನು ತಾನೇ ಕೊಳ್ಳುತ್ತಾನೆ. ನಿಜ ತಿಳಿದ ಮೇಲೆ ಒಡೆಯನು ಆ ಮಾರಾಟವನ್ನು ತಳ್ಳಿಹಾಕಬಹುದು ಎನ್ನುತ್ತದೆ ಕಾಯ್ದೆ. ಗಣಿಯ ಬದಲು ಕಾಲುವೆ ಅಥವಾ ಹೊಸ ರಸ್ತೆ ಎಂದು ಓದಿಕೊಳ್ಳಿ. ಉದಾಹರಣೆ ನಮ್ಮ ಊರಿನದೇ ಆಗುತ್ತದೆ. ಇಲ್ಲಿ ಏಜೆಂಟನ ಮೋರೆ ಎಷ್ಟು ಶಾಂತವಾಗಿದ್ದರೂ ಅವನು ನಿರ್ಲಿಪ್ತನಲ್ಲ. ಅವನ ಮನಸ್ಸು ಪೂರ್ತಿಯಾಗಿ ದರದಲ್ಲಿ ಅಂಟಿಕೊಂಡಿದೆ. ದುಃಖ, ಸಿಟ್ಟು, ಆಸೆಗಳ ಮೇಲೆ ಬಟ್ಟೆ ಇರಲಿ. ದರ, ದಲಾಲಿ, ದಾಖಲೆಗಳ ಮೇಲೆ ಇರಬಾರದು.

ಮರೆಯಬಾರದ ಇನ್ನೊಂದು ಸಂಗತಿಯಿದೆ. ಕಟ್ಟೆಯ ಮೇಲೆ ನಡೆಯುವ ಮಾತುಕತೆಗೆ ಮನೆಯ ಹೆಣ್ಣುಮಕ್ಕಳು ಬರುವುದು ಕಡಿಮೆ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ‘ಅಕ್ಕ ತಂಗಿಯರ ಒಪ್ಪಿಗೆ ಆಗೇತೇನ್ರಿ?’ ಎಂದು ಕೇಳದೆ ಮುಂದುವರಿಯುವುದು ನಿರ್ಲಿಪ್ತತೆಯಲ್ಲ, ಉದಾಸೀನ. ಎದುರಿಗೆ ಇಲ್ಲದವರನ್ನೂ ಲೆಕ್ಕಕ್ಕೆ ಹಿಡಿಯುವವನೇ ನಿಜವಾದ ಮಧ್ಯಸ್ಥ.

ಇಂದಿನ ಕಾನೂನು, ನಾಳಿನ ನೀವು

2016ರಲ್ಲಿ ಕೇಂದ್ರ ಸರ್ಕಾರ ರಿಯಲ್ ಎಸ್ಟೇಟ್ ಕಾಯ್ದೆ ತಂದಿತು. ರೇರಾ ಎಂದು ಜನ ಕರೆಯುವ ಈ ಕಾಯ್ದೆಯಂತೆ, ನೋಂದಾಯಿತ ಯೋಜನೆಗಳ ಪ್ಲಾಟು, ಮನೆಗಳನ್ನು ಕೊಡಿಸುವ ಏಜೆಂಟನು ತಾನೂ ನೋಂದಾಯಿಸಿಕೊಳ್ಳಬೇಕು, ಲೆಕ್ಕಪತ್ರ ಇಡಬೇಕು, ಇಲ್ಲದ ಸೌಲಭ್ಯ ಇದೆಯೆಂದು ಹೇಳಬಾರದು. ನೋಂದಣಿಯಿಲ್ಲದೆ ಈ ಕೆಲಸ ಮಾಡಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ ಬೀಳಬಹುದು. ಆದರೆ ಇಬ್ಬರು ರೈತರ ನಡುವಿನ ಹೊಲದ ಮಾರಾಟ ಈ ಕಾಯ್ದೆಯ ಬೇಲಿಯ ಹೊರಗೆ ಉಳಿಯಿತು. 2020ರ ಭೂಸುಧಾರಣಾ ತಿದ್ದುಪಡಿಯು ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ಅವಕಾಶ ಮಾಡಿತು. ಹೀಗಾಗಿ ದಲಾಲನ ಹೊಣೆ ಹೆಚ್ಚಿದೆ, ಕಾಯುವ ಕಣ್ಣು ಕಡಿಮೆ ಇದೆ.

ಮಿತ್ರರೆ, ನಿಮ್ಮಲ್ಲಿ ಕೆಲವರು ಮುಂದೆ ಹೊಲ ಮಾರುವಿರಿ, ಕೆಲವರು ಮನೆ ಕೊಳ್ಳುವಿರಿ, ಕೆಲವರು ನಡುವೆ ನಿಲ್ಲುವಿರಿ. ಬಿಡುವಿನ ವೇಳೆಯಲ್ಲಿ ನಿಮ್ಮ ಮನೆಯ ಹಳೆಯ ಖರೀದಿ ಪತ್ರವನ್ನು, ಉತಾರವನ್ನು ಕೇಳಿ ತೆಗೆಸಿ ನೋಡಿರಿ. ಯಾವ ವರ್ಷ, ಯಾವ ಬರ, ಯಾವ ಮದುವೆಗಾಗಿ ಆ ಹೊಲ ಕೈ ಬದಲಾಯಿಸಿತು, ಸಾಕ್ಷಿ ಯಾರು, ನಡುವೆ ನಿಂತವರು ಯಾರು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿರಿ. ಅರಸರ ಚರಿತ್ರೆ ಗೋಲಗುಮ್ಮಟದಲ್ಲಿದೆ. ನಿಮ್ಮ ಮನೆತನದ ಚರಿತ್ರೆ ಆ ಹಳದಿಯಾದ ಕಾಗದದಲ್ಲಿದೆ.