ಅವಮೌದರ್ಯ ಮತ್ತು ಪ್ರಜಾಗರ

ಆರು ಬಾಹ್ಯತಪಗಳಲ್ಲಿ ಅನಶನಕ್ಕೆ ಸಂದ ಗೌರವ ಅವಮೌದರ್ಯಕ್ಕೆ ಸಂದಿಲ್ಲ. ಉಪವಾಸಕ್ಕೆ ಅಶಕ್ತರಾದವರಿಗಾಗಿ ವಿಧಿಸಿದ ಕಿರುತಪವಿದೆಂಬ ಭಾವನೆ ರೂಢಿಯಲ್ಲಿದೆ. ಪ್ರಾಚೀನ ಗ್ರಂಥಗಳ ಸಾಕ್ಷ್ಯವು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಪುರುಷನ ಆಹಾರಕ್ಕೆ 32 ಕವಲಗಳ ಪ್ರಮಾಣವನ್ನು ಮೂಲಾಚಾರವೂ ಭಗವತೀ ಆರಾಧನೆಯೂ ಹೇಳುತ್ತವೆ. ಸ್ತ್ರೀಯರಿಗೆ 28 ಎಂಬುದು ಆರಾಧನೆಯ ಮಾತು. ಆದರೆ ಶಬ್ದಭೇದವೊಂದು ಗಮನಾರ್ಹವಾಗಿದೆ. ಆರಾಧನೆಯು ಈ ಪ್ರಮಾಣವನ್ನು ಕುಕ್ಷಿಪೂರಕವೆಂದರೆ, ಮೂಲಾಚಾರವು ಪ್ರಕೃತ್ಯಾಹಾರವೆನ್ನುತ್ತದೆ. ಈ ಸಹಜ ಪ್ರಮಾಣದಿಂದ ಒಂದು ಕವಲ ಕಡಿಮೆಯಾದರೂ ಅದು ಅವಮೌದರ್ಯವೇ. ಉದರದ ಅರ್ಧಭಾಗ ಅನ್ನವ್ಯಂಜನಗಳಿಗೆ, ಮೂರನೆಯ ಪಾಲು ನೀರಿಗೆ, ನಾಲ್ಕನೆಯದು ವಾಯುಸಂಚಾರಕ್ಕೆ ಎಂದು ಅದೇ ಗ್ರಂಥವು ವಿಭಾಗಿಸುತ್ತದೆ.

ಈ ಮಿತಿಯ ಕಾರಣವನ್ನು ಮುನಿಯ ದಿನಚರ್ಯೆಯಲ್ಲಿಯೇ ಅರಸಬೇಕು. ಸೂರ್ಯೋದಯದ ಅನಂತರದ ಹಾಗೂ ಸೂರ್ಯಾಸ್ತದ ಮೊದಲಿನ ಮೂರು ಮೂರು ನಾಳಿಕೆಗಳನ್ನು, ಎಂದರೆ 72 ನಿಮಿಷಗಳನ್ನು, ಬಿಟ್ಟು ನಡುವೆ ಒಮ್ಮೆ ಮಾತ್ರ ಅವನಿಗೆ ಆಹಾರ. ಸ್ವಾಧ್ಯಾಯವಾದರೋ ಪ್ರದೋಷದಲ್ಲಿಯೂ, ನಡುರಾತ್ರಿ ಕಳೆದ ವೈರಾತ್ರಿಕ ಕಾಲದಲ್ಲಿಯೂ ವಿಹಿತವಾಗಿದೆ. ಏಕಭುಕ್ತನು ಆ ಒಂದು ಊಟದಲ್ಲಿಯೇ ಹೊಟ್ಟೆ ಬಿರಿಯುವಂತೆ ಉಂಡರೆ ಆಲಸ್ಯವೂ ನಿದ್ರೆಯೂ ಆ ಹೊತ್ತಿನ ಸ್ವಾಧ್ಯಾಯವನ್ನು ಕೆಡಿಸುತ್ತವೆ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಅವಮೌದರ್ಯಕ್ಕೆ ಸಂಯಮದಲ್ಲಿ ಪ್ರಜಾಗರ, ದೋಷಶಮನ, ಸಂತೋಷ, ಸುಖಕರವಾದ ಸ್ವಾಧ್ಯಾಯ ಇವು ಪ್ರಯೋಜನಗಳು. ನಿದ್ರಾವಿಜಯವನ್ನಾದರೋ ಅವರು ರಸಪರಿತ್ಯಾಗದೊಡನೆ, ಘೃತಾದಿ ವೃಷ್ಯರಸಗಳ ತ್ಯಾಗದೊಡನೆ, ಜೋಡಿಸುತ್ತಾರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವು ಮೂಲಾಚಾರವು ಎಣಿಸುವ ತ್ಯಾಜ್ಯರಸಗಳು. ಹೀಗೆ ಆಹಾರದ ಪ್ರಮಾಣವನ್ನೂ ಅದರ ಗುಣವನ್ನೂ ಬೇರೆ ಬೇರೆ ತಪಗಳನ್ನಾಗಿ ವಿಂಗಡಿಸಿ, ಎರಡನ್ನೂ ಎಚ್ಚರದೊಡನೆ ಸಂಬಂಧಿಸಿರುವುದು ನಮ್ಮ ಆಚಾರ್ಯರ ಸೂಕ್ಷ್ಮದೃಷ್ಟಿಗೆ ಸಾಕ್ಷಿ.

ಇದನ್ನು ಕೇವಲ ದೇಹಾರೋಗ್ಯದ ಪಥ್ಯವೆಂದು ವ್ಯಾಖ್ಯಾನಿಸುವುದೂ ಸಲ್ಲದು. ಬಲ, ಆಯುಷ್ಯ, ಸ್ವಾದ, ಶರೀರಪುಷ್ಟಿ, ತೇಜಸ್ಸುಗಳಿಗಾಗಿ ಉಣ್ಣಲಾಗದು. ಜ್ಞಾನ, ಸಂಯಮ, ಧ್ಯಾನಗಳಿಗಾಗಿ ಉಣ್ಣಬೇಕೆಂಬುದು ಮೂಲಾಚಾರದ ನಿರ್ಣಯ. ಅಂದರೆ ಆಹಾರವು ಇಲ್ಲಿ ಶತ್ರುವಲ್ಲ, ಸಾಧನ. ಹಸಿವಿನಿಂದ ಬಳಲಿದವನಿಗೂ ಅತಿಯಾಗಿ ಉಂಡು ತೂಕಡಿಸುವವನಿಗೂ ಶಾಸ್ತ್ರಾರ್ಥವು ಸಮಾನವಾಗಿ ದೂರ. ಆದುದರಿಂದ ಅವಮೌದರ್ಯವನ್ನು ಅಶಕ್ತರ ಉಪವಾಸವೆನ್ನದೆ, ಸ್ವಾಧ್ಯಾಯಶೀಲರ ನಿತ್ಯತಪವೆಂದು ಎಣಿಸುವುದೇ ಗ್ರಂಥಸಮ್ಮತವಾದ ಮಾರ್ಗ.